‘ನಮಗ ಬರೂದಿಲ್ರಿ’ ಮಾಸ್ತರು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ತಾಲ್ಲೂಕಿನ ಸರಕಾರಿ ಶಾಲೆಗೆ ಹೋದರೂ ಇವರು ಸಿಗುತ್ತಾರೆ. ಕಂಪ್ಯೂಟರ್ ಎಂಬ ಮಾತು ಎತ್ತಿದರೆ ಸಾಕು, ‘ನಮಗ ಬರೂದಿಲ್ರಿ’ ಎಂದು ಕೈ ಮುಗಿದುಬಿಡುತ್ತಾರೆ. ಇದನ್ನು ಅಜ್ಞಾನವೆಂದು ನಂಬುವವರು ಅವರ ಮೊಬೈಲ್ ನೋಡಿಲ್ಲ. ತುಟ್ಟಿಭತ್ಯೆ ಏರಿದ ಸುದ್ದಿ ಬಂದ ಸಂಜೆಯೇ ಬಾಕಿ ಎಷ್ಟೆಂದು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ಗ್ರೂಪಿಗೆ ಬಿಡುವವರು ಇವರೇ. ಫೋನ್‌ಪೇಯಲ್ಲಿ ಚಹಾದ ದುಡ್ಡು ಕೊಡುವುದಂತೂ ಕಣ್ಣು ಮುಚ್ಚಿದರೂ ಬರುತ್ತದೆ. ಬಾರದಿರುವುದು ಎರಡೇ: ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದು ದೀಕ್ಷಾ ಆ್ಯಪ್‌ನ ಪಾಠ ತೆರೆಯುವುದು, ಇಲಾಖೆಯ ಎಸ್‌ಎಟಿಎಸ್‌ ಜಾಲತಾಣದಲ್ಲಿ ಮಕ್ಕಳ ಮಾಹಿತಿ ತುಂಬುವುದು.

ಉಪಯೋಗವಿದೆ, ಸುಲಭವೂ ಇದೆ ಎನಿಸಿದರೆ ಜನ ಹೊಸ ತಂತ್ರಜ್ಞಾನವನ್ನು ಒಪ್ಪುತ್ತಾರೆ ಎಂದು ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಹೇಳಿದ್ದರು. ಉಪಯೋಗ ಯಾರಿಗೆ ಎಂಬುದು ನಮ್ಮ ಮಾಸ್ತರ ಪ್ರಶ್ನೆ. ಸಾಕ್ಷಿ ಪಕ್ಕದ ಕೋಣೆಯಲ್ಲೇ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಮೊದಲ ದಿನವೇ ‘ಸ್ವಲ್ಪ ಬರ್ತದ್ರಿ ಸರ’ ಅಂದುಬಿಟ್ಟ. ಅಂದಿನಿಂದ ಎಸ್‌ಎಟಿಎಸ್, ಶಾಲೆಯ ಅಂಕಿಅಂಶ ತುಂಬುವ ಯುಡೈಸ್, ಬಿಸಿಯೂಟದ ಲೆಕ್ಕ, ಮೊಟ್ಟೆ ತಿನ್ನುವ ಮಕ್ಕಳ ಫೋಟೊ, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ‘ಅರ್ಜೆಂಟ್’ ಎಂದು ಕಳಿಸಿದ ಗೂಗಲ್ ಫಾರ್ಮ್, ಎಲ್ಲ ಅವನ ತಲೆಗೇ. ನೆಟ್‌ವರ್ಕ್ ಹುಡುಕುತ್ತ ಅವನು ಶಾಲೆಯ ಮಾಳಿಗೆ ಹತ್ತಿರುವಾಗ, ಕೆಳಗೆ ಕರಿಹಲಗೆಯ ಮೇಲೆ ಭಿನ್ನರಾಶಿಯೊಂದು ಅರ್ಧಕ್ಕೇ ನಿಂತಿರುತ್ತದೆ. ‘ಬರೂದಿಲ್ಲ’ ಅಂದವರ ತರಗತಿ ಮಾತ್ರ ಗಂಟೆ ಹೊಡೆದಂತೆ ನಡೆಯುತ್ತದೆ. ಕೌಶಲ ಹೆಚ್ಚಿದಷ್ಟೂ ಬೋಧನೆ ಚುರುಕಾಗುತ್ತದೆ ಎಂಬ ಲೆಕ್ಕ ಇಲ್ಲಿ ತಲೆಕೆಳಗು.

ತರಬೇತಿ ಕೊಟ್ಟರೆ ಸರಿಹೋದಾರು ಎನ್ನುವವರುಂಟು. ಶಿಕ್ಷಕರಿಗೆಂದೇ ಆನ್‌ಲೈನ್ ನಿಷ್ಠಾ ತರಬೇತಿ ಬಂತಲ್ಲ. ವಿಡಿಯೊ ತನ್ನ ಪಾಡಿಗೆ ಓಡಿತು, ಮಾಸ್ತರು ಚಹಾ ಕುಡಿದರು, ಪ್ರಮಾಣಪತ್ರವೂ ಬಂತು. ಹಾಗೆಂದು ಯಂತ್ರವೇ ದಂಡ ಅನ್ನಲಾಗದು. ವಡೋದರಾದ ಪಾಲಿಕೆ ಶಾಲೆಗಳ ಕಂಪ್ಯೂಟರುಗಳಲ್ಲಿ ಮಕ್ಕಳಿಗೆ ವಾರಕ್ಕೆರಡು ತಾಸು ಗಣಿತದ ಆಟ ಆಡಿಸಿದಾಗ ಅಂಕ ಚೆನ್ನಾಗಿಯೇ ಏರಿದವೆಂದು ಅರ್ಥಶಾಸ್ತ್ರಜ್ಞರಾದ ಬ್ಯಾನರ್ಜಿ, ಡಫ್ಲೊ ಮತ್ತವರ ಸಂಗಡಿಗರು 2007ರಲ್ಲಿ ಬರೆದರು. ಅದೇ ಗುಜರಾತಿನಲ್ಲಿ ಜ್ಞಾನಶಾಲಾ ಎಂಬ ಸಂಸ್ಥೆಯ ಶಾಲೆಗಳಲ್ಲಿ ಪಾಠದ ಹೊತ್ತನ್ನೇ ಕಿತ್ತು ಕಂಪ್ಯೂಟರಿಗೆ ಕೊಟ್ಟಾಗ ಕಲಿಕೆ ಕುಸಿಯಿತು, ಶಾಲೆಯ ಹೊತ್ತಿನಾಚೆ ಕೊಟ್ಟಾಗ ಏರಿತು ಎಂಬುದು ಲೀ ಲಿಂಡನ್ ಕಂಡ ಸಂಗತಿ. ಅಂದಮೇಲೆ ನೋಡಬೇಕಾದ್ದು ಯಂತ್ರ ಯಾವ ಹೊತ್ತನ್ನು ತಿನ್ನುತ್ತದೆ ಎಂಬುದನ್ನು. ನಮ್ಮಲ್ಲಿ ಅದು ತಿನ್ನುವುದು ಬಲ್ಲವನ ಪಾಠದ ಹೊತ್ತನ್ನು. ಮಾಹಿತಿ ತುಂಬಲು ಕ್ಲಸ್ಟರಿಗೊಬ್ಬ ಆಪರೇಟರನನ್ನು ಕೊಟ್ಟು ನೋಡಲಿ, ಮಾಸ್ತರಿಗೆ ವಾರದಲ್ಲೇ ಎಲ್ಲ ಬಂದೀತು. ಬಾರದಿದ್ದರೆ ಹೊಸ ನೆಪ ಹುಡುಕಿಕೊಳ್ಳುತ್ತಾರೆ. ಆ ಕೆಲಸಕ್ಕೆ ಅವರಿಗೆ ಯಾವ ತರಬೇತಿಯೂ ಬೇಕಿಲ್ಲ.