ಆಸನೋತ್ಪಾಟನ ಮೀಮಾಂಸೆ: ಓಮ್ನಿಯ ಹಿಂದಿನ ಸೀಟು ಬಿಚ್ಚುವ ಶಾಸ್ತ್ರ

ಯಾವ ಶಾಸ್ತ್ರಗ್ರಂಥವೇ ಆಗಲಿ, ಮೊದಲಿಗೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು, ಅಂದರೆ ಅನುಬಂಧ ಚತುಷ್ಟಯವನ್ನು, ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡೋಣ. ವಿಷಯ: ಜನ ಕೂರುವ ಜಾಗದಲ್ಲಿ ಟೊಮೆಟೊ ಕೂರಿಸುವುದು. ಪ್ರಯೋಜನ: ಬಾಡಿಗೆ. ಸಂಬಂಧ: ಭಾವಮೈದುನ, ವ್ಯಾನ್ ಅವನದು, ಸಾಲ ನಮ್ಮದು. ಅಧಿಕಾರಿ: ಬ್ರೇಕ್ ಇನ್‌ಸ್ಪೆಕ್ಟರು.

ಕಾಲನಿರ್ಣಯದಲ್ಲಿ ವಿದ್ವಾಂಸರು ಕಚ್ಚಾಡುವಂಥದ್ದೇನೂ ಇಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂದು ರಸ್ತೆಗಿಳಿದ ಈ ತಗಡಿನ ಡಬ್ಬಿ 1988ರಲ್ಲಿ ಓಮ್ನಿ ಎಂದು ನಾಮಾಂತರ ಹೊಂದಿ, 2019ರಲ್ಲಿ ತಯಾರಿಕೆ ನಿಲ್ಲುವವರೆಗೆ ಮೈಕಟ್ಟಿನಲ್ಲಿ ಹೆಚ್ಚೇನೂ ಬದಲಾಗದೆ ಬಾಳಿತು. ಮಾರುತಿ 800ರಲ್ಲಿದ್ದ ಅದೇ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್; ಅದನ್ನಿಟ್ಟದ್ದು ಮುಂದಿನ ಸೀಟಿನ ಬುಡದಲ್ಲಿ. ಹೀಗಾಗಿ ಚಾಲಕನ ಆಸನ ಎಲ್ಲ ಋತುಗಳಲ್ಲೂ ಬೆಚ್ಚಗೆ, ಮೊಣಕಾಲಿನ ಮುಂದೆ ತಗಡು ಬಿಟ್ಟರೆ ದೇವರು, ಬೆನ್ನ ಹಿಂದೆ ಮಾತ್ರ ಬೇಕಾದಷ್ಟು ಜಾಗ. ಎರಡೂ ಪಕ್ಕದಲ್ಲಿ ಸರಿಸುವ ಬಾಗಿಲು, ಹಿಂದುಗಡೆ ಎತ್ತುವ ಬಾಗಿಲು. ಮೂಟೆ ಇಳಿಸಲು ಮೂರು ದಿಕ್ಕಿನಿಂದ ದಾರಿ ಬಿಟ್ಟು, ನಡುವೆ ಒಂದು ಸೀಟಿಟ್ಟು, ಇದು ಜನರಿಗಾಗಿ ಎಂದರೆ ನಂಬುವವರಾದರೂ ಯಾರು? ಕಂಪನಿಗೇ ನಂಬಿಕೆಯಿದ್ದಂತಿಲ್ಲ, ಹಿಂದೆ ಸೀಟೇ ಇಲ್ಲದ ಓಮ್ನಿ ಕಾರ್ಗೋ ಎಂಬುದನ್ನೂ ಅದು ಮಾರಿತು. ಆದರೂ ನಮ್ಮವರು ಕೊಂಡದ್ದು ಸೀಟಿರುವುದನ್ನು, ಬಿಚ್ಚಿದ್ದು ಆ ಸೀಟನ್ನು. ಸೀಟಿಲ್ಲದ್ದೇ ಸಿಗುವಾಗ ದುಡ್ಡು ಕೊಟ್ಟು ಸೀಟು ತಂದು ಬಿಚ್ಚುವುದೇಕೆ ಎಂಬುದೇ ಈ ಪ್ರಬಂಧದ ಮೂಲ ಪ್ರಶ್ನೆ. (ಸಿನಿಮಾದವರು ಇದೇ ವ್ಯಾನಿನಲ್ಲಿ ನಾಯಕಿಯರನ್ನು ಅಪಹರಿಸಿದರು. ಅಪಹೃತ ನಾಯಕಿ ಪ್ರಯಾಣಿಕಳೋ ಸರಕೋ ಎಂಬುದು ಬೇರೆಯೇ ಒಂದು ಪಿಎಚ್.ಡಿ.ಗೆ ಆಗುವಷ್ಟು ದೊಡ್ಡ ವಿಷಯ, ಇಲ್ಲಿ ಎತ್ತಿಕೊಂಡಿಲ್ಲ.)

ಈಗ ಉತ್ಖನನ. ಸೀಟು ಬಿಚ್ಚುವುದು ಹತ್ತು ನಿಮಿಷದ ಕೆಲಸ ಎಂದು ಗ್ಯಾರೇಜಿನವರು ಹೇಳುತ್ತಾರೆ. ಬೋಲ್ಟು ತುಕ್ಕು ಹಿಡಿದು ಕೂತಿರುವುದು ಅವರಿಗೂ ಗೊತ್ತು. ಮೊದಲು ಸ್ಪ್ಯಾನರ್, ಆಮೇಲೆ ಸೀಮೆಎಣ್ಣೆ, ಆಮೇಲೆ ಸುತ್ತಿಗೆ, ಕೊನೆಗೆ ಬೈಗುಳ. ಈ ಚತುರುಪಾಯಗಳಲ್ಲಿ ನಾಲ್ಕನೆಯದೇ ಫಲಕಾರಿ ಎಂಬುದು ಪರಂಪರಾಗತ ನಂಬಿಕೆ. ಕಟ್ಟಕಡೆಯ ಬೋಲ್ಟಿನ ತಲೆ ಸವೆದು ಸ್ಪ್ಯಾನರ್ ಜಾರತೊಡಗಿದಾಗ ಮೆಕ್ಯಾನಿಕ್ಕು ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿಕೊಂಡು, ನಮ್ಮನ್ನೇ ಟೀ ತರಲು ಕಳಿಸುತ್ತಾನೆ. ನಾವು ಹಿಂತಿರುಗುವಷ್ಟರಲ್ಲಿ ಸೀಟು ಹೊರಗಿರುತ್ತದೆ. ಆ ಬೋಲ್ಟಿಗೆ ಏನಾಯಿತೆಂಬುದು ಗುರುಮುಖೇನ ಮಾತ್ರ ತಿಳಿಯತಕ್ಕದ್ದು.

ಸೀಟೆದ್ದ ಜಾಗ ಪುರಾತತ್ವಕ್ಕೆ ಸೇರಿದ್ದು. ಮೇಲಿನ ಸ್ತರದಲ್ಲಿ ಟೋಲ್ ಚೀಟಿ ಮತ್ತು ಚಿಪ್ಸಿನ ಪೊಟ್ಟಣ. ಅದರ ಕೆಳಗೆ ಕಡಲೆಕಾಯಿ ಸಿಪ್ಪೆಯ ದಟ್ಟ ಪದರ. ಇದು ಯಾವುದೋ ದೂರದ ತೀರ್ಥಯಾತ್ರೆಯ ಕಾಲದ್ದು. ಸಿಪ್ಪೆಯೊಳಗೆ ಕುಂಕುಮದ ಪೊಟ್ಟಣ, ಹೇರ್‌ಪಿನ್ನು, ಒಣಗಿ ಗೋಲಿಯಾದ ನಿಂಬೆಹಣ್ಣು, ವಾಂತಿ ಬಂದರೆ ಇರಲಿ ಎಂದು ತಂದು ಬಳಸದೆ ಉಳಿದ ಪ್ಲಾಸ್ಟಿಕ್ ಕವರು, ಮಗುವಿನ ಒಂಟಿ ಚಪ್ಪಲಿ. ಎಲ್ಲಕ್ಕಿಂತ ತಳದಲ್ಲಿ, ರಬ್ಬರ್ ಮ್ಯಾಟಿಗೆ ಅಂಟಿಕೊಂಡು, ಒಂದು ನಾಲ್ಕಾಣೆ. 25 ಪೈಸೆಯ ಚಲಾವಣೆ 2011ರ ಜೂನ್ ಕೊನೆಗೆ ನಿಂತಿತಾದ್ದರಿಂದ ತಳದ ಸ್ತರ ಅದಕ್ಕಿಂತ ಹಿಂದಿನದೆಂದು ನಾಣ್ಯಶಾಸ್ತ್ರದ ಬಲದಿಂದ ನಿಸ್ಸಂಶಯವಾಗಿ ಹೇಳಬಹುದು. ಚಪ್ಪಲಿಯ ಒಡತಿ ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಅಂದು ಅವಳು ಬಸ್‌ಸ್ಟ್ಯಾಂಡಿನಲ್ಲೇ ಚಪ್ಪಲಿ ಕಳೆದುಕೊಂಡಳೆಂದು ಸಾಧಿಸಿ ಎರಡೇಟು ಹಾಕಿದ್ದ ತಂದೆ, ಈ ಶೋಧನೆಯನ್ನು ಪ್ರಕಟಿಸದಿರುವುದೇ ಕ್ಷೇಮ ಎಂಬ ಅಭಿಪ್ರಾಯದವರು.

ನೆಲಕ್ಕೆ ಪ್ಲೈವುಡ್ ಹಾಸಿದರೆ ದೀಕ್ಷೆ ಮುಗಿಯಿತು. ಇಲ್ಲಿಂದ ಸಂಪ್ರದಾಯ ಎರಡಾಗಿ ಒಡೆಯುತ್ತದೆ. ಘಟ್ಟದ ಮೇಲಿನವರು ಒಣ ಪಂಥದವರು: ಕೋಲಾರದ ಕಡೆಯ 15 ಕಿಲೋ ಟೊಮೆಟೊ ಬಾಕ್ಸು, 40 ಲೀಟರಿನ ಹಾಲಿನ ಕ್ಯಾನು, ಸೇವಂತಿಗೆ ಮೂಟೆ, ಶಾಮಿಯಾನದ ಕಂಬ. ಘಟ್ಟದ ಕೆಳಗಿನವರು ಹಸಿ ಪಂಥದವರು: ಬಂಗುಡೆ, ಬೂತಾಯಿ, ಐಸು. ಒಣ ಪಂಥದ ವ್ಯಾನ್ ನೆಲ ಗುಡಿಸಿದರೆ ಮತ್ತೆ ಪ್ರಯಾಣಿಕರ ಯೋನಿಗೆ ಮರಳಬಲ್ಲುದು. ಬೂತಾಯಿ ಹೊತ್ತದ್ದಕ್ಕೆ ಆ ದಾರಿ ಮುಚ್ಚಿತೆಂದೇ ಲೆಕ್ಕ. ಫಿನಾಯಿಲು, ಕಾಫಿಪುಡಿ, ಊದುಬತ್ತಿ ಎಲ್ಲ ಆದ ಮೇಲೂ ಜೂನ್ ತಿಂಗಳ ಮೊದಲ ತೇವಕ್ಕೆ ಪೂರ್ವಜನ್ಮದ ವಾಸನೆ ಏಳುತ್ತದೆ. ಅಂಥ ವ್ಯಾನಿನಲ್ಲಿ ಹೆಣ್ಣು ನೋಡಲು ಹೋದವರಿಗೆ ಉಪ್ಪಿಟ್ಟು, ಕೇಸರಿಬಾತು ಸಿಕ್ಕಿದ್ದುಂಟು. ಹೆಣ್ಣು ಸಿಕ್ಕಿದ್ದಕ್ಕೆ ಆಧಾರವಿಲ್ಲ.

ಭಾರದ ವಿಚಾರ ಮಾತ್ರ ತಮಾಷೆಯದಲ್ಲ. ಖಾಲಿ ಓಮ್ನಿ ತೂಗುವುದು ಸುಮಾರು 800 ಕಿಲೋ, ಎಂಜಿನ್ನಿನ ತಾಕತ್ತು ಸುಮಾರು 35 ಅಶ್ವಶಕ್ತಿ, ಚಕ್ರ 12 ಇಂಚಿನದು. ಮೂವತ್ತು ಬಾಕ್ಸು ಟೊಮೆಟೊ ಎಂದರೆ 450 ಕಿಲೋ. ಅಷ್ಟಕ್ಕೆ ನಿಲ್ಲಿಸಿದ ಮನುಷ್ಯ ಕೋಲಾರ ಮಂಡಿಯಲ್ಲಿ ಇನ್ನೂ ಹುಟ್ಟಿಲ್ಲ. ‘ಇನ್ನೊಂದ್ನಾಕು ಹಿಡೀತದೆ ಹಾಕು’ ಎಂಬ ಮಹಾವಾಕ್ಯವನ್ನು ಉಚ್ಚರಿಸಿದ ಕೂಡಲೇ ಹಿಂದಿನ ಕಮಾನು ಪಟ್ಟಿ ಬಾಗಿದ್ದು ನೆಟ್ಟಗಾಗುತ್ತದೆ, ಮೂತಿ ಮೇಲೇಳುತ್ತದೆ, ಮುಂದಿನ ಚಕ್ರದ ಮೇಲಿನ ಭಾರ ಇಳಿದು ಸ್ಟೀರಿಂಗು ತೇಲತೊಡಗುತ್ತದೆ. ತೇಲುವ ಸ್ಟೀರಿಂಗಿಗೆ ತಿರುವಿನಲ್ಲಿ ಕೈಯ ಮಾತು ಕೇಳುವ ಅಭ್ಯಾಸವಿಲ್ಲ, ಬ್ರೇಕಿಗೂ ಅಷ್ಟೇ. ಪರಿಹಾರ ಎರಡು. ಒಂದು, ಹಿಂದೆ ಇನ್ನೊಂದು ಪಟ್ಟಿ ಸೇರಿಸುವುದು. ಇದರಿಂದ ವ್ಯಾನ್ ಕೂರುವುದಿಲ್ಲ, ಅದನ್ನು ನೋಡಿ ಮಂಡಿಯವರು ಇನ್ನೆಂಟು ಬಾಕ್ಸು ಹಾಕುತ್ತಾರೆ. ಎರಡು, ಮುಂದೆ ಎಡಗಡೆ ಭಾವಮೈದುನನನ್ನು ಕೂರಿಸುವುದು. ಅನುಬಂಧ ಚತುಷ್ಟಯದಲ್ಲಿ ಅವನನ್ನು ಸುಮ್ಮನೆ ಸೇರಿಸಿದ್ದಲ್ಲ.

ಇನ್ನು ಪ್ರಮಾಣಗ್ರಂಥದ ವಿಚಾರ. ಮೋಟಾರು ವಾಹನ ಕಾಯ್ದೆ, 1988. ಅದರ 2ನೇ ಸೆಕ್ಷನ್ನಿನ 14ನೇ ಖಂಡ ಹೇಳುವುದಿಷ್ಟು: ಸರಕು ಸಾಗಿಸಲೆಂದೇ ಕಟ್ಟಿದ ಅಥವಾ ಅದಕ್ಕಾಗಿ ಹೊಂದಿಸಿದ ವಾಹನ ಸರಕು ವಾಹನ; ಹಾಗೆ ಕಟ್ಟದ, ಹೊಂದಿಸದ ವಾಹನವೂ ಸರಕು ಸಾಗಿಸಲು ಬಳಸಿದಾಗ ಸರಕು ವಾಹನವೇ. ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಜನ್ಮದಿಂದಲ್ಲ, ಕಾಯಕದಿಂದ! ಹನ್ನೆರಡನೆಯ ಶತಮಾನದಿಂದ ಈ ನಾಡಿನಲ್ಲಿ ಮನುಷ್ಯರ ಬಗ್ಗೆ ವಾದಿಸುತ್ತ ಬಂದು ಇನ್ನೂ ತೀರ್ಮಾನವಾಗದ ಮಾತನ್ನು ಸಂಸತ್ತು ವ್ಯಾನಿನ ಬಗ್ಗೆ ಒಂದೇ ವಾಕ್ಯದಲ್ಲಿ ಒಪ್ಪಿಕೊಂಡುಬಿಟ್ಟಿದೆ. ಆದರೆ ಅದೇ ಗ್ರಂಥದ 52ನೇ ಸೆಕ್ಷನ್ ಕಟ್ಟಾ ಜನ್ಮವಾದಿ. ತಯಾರಕರು ಹೇಳಿದ ವಿವರಕ್ಕೂ ಆರ್‌.ಸಿ.ಯಲ್ಲಿ ಇರುವುದಕ್ಕೂ ಭೇದ ಬರುವಂತೆ ಮಾಲೀಕ ವಾಹನವನ್ನು ಮಾರ್ಪಡಿಸಕೂಡದು ಎನ್ನುತ್ತದೆ ಅದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ತಯಾರಕರ ಮೂಲ ವಿವರವೇ ಪ್ರಮಾಣ ಎಂದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಿತು.

ಹಾಗಾದರೆ ಮಾರ್ಪಾಡು ಎಂದರೇನು? ವಾಹನದ ಮೂಲ ಲಕ್ಷಣ ಬದಲಾಗುವಂತೆ ರಚನೆಯನ್ನು ಬದಲಿಸುವುದು ಎಂದು 52ನೇ ಸೆಕ್ಷನ್ನಿನ ವಿವರಣೆ. ನೈಯಾಯಿಕರು ಕುಣಿದಾಡುವ ಜಾಗ ಇದು. ಸೀಟು ಓಮ್ನಿಯ ಮೂಲ ಲಕ್ಷಣವೋ, ಬಂದು ಸೇರಿಕೊಂಡದ್ದೋ? ಬಿಚ್ಚಿದ ಮೇಲೂ ವ್ಯಾನನ್ನು ಓಮ್ನಿ ಎಂದೇ ಕರೆಯುವುದರಿಂದ ಮೂಲ ಲಕ್ಷಣವಲ್ಲ ಎನ್ನುತ್ತದೆ ಗ್ಯಾರೇಜು. ಕೂರುವವರ ಸಂಖ್ಯೆಯನ್ನು ಆರ್‌.ಸಿ.ಯಲ್ಲಿ ಬರೆದಿರುವುದರಿಂದ ಮೂಲ ಲಕ್ಷಣವೇ ಎನ್ನುತ್ತದೆ ಚೆಕ್‌ಪೋಸ್ಟು. ಚೆಕ್‌ಪೋಸ್ಟಿನಲ್ಲಿ ತರ್ಕಶಾಸ್ತ್ರ ನಡೆಯುವುದಿಲ್ಲವಾದ್ದರಿಂದ ಚರ್ಚೆ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ.

ಇದೇನು ನಮ್ಮ ಹಳ್ಳಿಗಾಡಿನ ಕ್ಷುಲ್ಲಕ ವಿವಾದ ಎಂದು ಮೂಗು ಮುರಿಯುವವರು ಅಮೆರಿಕದ ಕಡೆ ನೋಡಬೇಕು. ಕಥೆ ಶುರುವಾಗುವುದು ಕೋಳಿಯಿಂದ. ಅಮೆರಿಕದ ಅಗ್ಗದ ಕೋಳಿಯ ಮೇಲೆ ಪಶ್ಚಿಮ ಜರ್ಮನಿ, ಫ್ರಾನ್ಸ್ ಮೊದಲಾದವು ತೆರಿಗೆ ಹೇರಿದವು. ಸಿಟ್ಟಿಗೆದ್ದ ಅಧ್ಯಕ್ಷ ಜಾನ್ಸನ್ 1963ರ ಡಿಸೆಂಬರಿನಲ್ಲಿ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಮತ್ತು ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ ಪ್ರತಿಸುಂಕ ಘೋಷಿಸಿದರು. ಟ್ರಕ್ಕಿನ ಮೇಲಿನ 25 ಶೇಕಡಾ ಇಂದಿಗೂ ‘ಕೋಳಿ ತೆರಿಗೆ’ ಎಂದೇ ಪ್ರಸಿದ್ಧ. ಪ್ರಯಾಣಿಕರ ವಾಹನಕ್ಕೆ 2009ರ ಹೊತ್ತಿಗೆ ಇದ್ದ ಸುಂಕ ಬರೀ 2.5 ಶೇಕಡಾ. ಈ ಎರಡು ಅಂಕಿಗಳ ನಡುವಿನ ಸಂದಿಯಲ್ಲಿ ಫೋರ್ಡ್ ಕಂಪನಿ 2009ರಿಂದ ಟರ್ಕಿಯಲ್ಲಿ ತಯಾರಾದ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳನ್ನು ತೂರಿಸಿತು. ಬಾಲ್ಟಿಮೋರ್ ಬಂದರಿನಲ್ಲಿ ಕಸ್ಟಮ್ಸ್ ದಾಟುವವರೆಗೆ ಹಿಂದೆ ಸೀಟು, ಸೀಟಿಗೆ ಬೆಲ್ಟು, ಪಕ್ಕಕ್ಕೆ ಕಿಟಕಿ ಗಾಜು. ಸಾಕ್ಷಾತ್ ಸಂಸಾರಸ್ಥರ ವಾಹನ. ದಾಟಿದ ಕೂಡಲೇ ಸೀಟು ಕಿತ್ತು, ಗಾಜು ತೆಗೆದು ತಗಡು ಕೂರಿಸಿ, ಸರಕು ವ್ಯಾನೆಂದು ಮಾರಾಟ.

ಕಸ್ಟಮ್ಸಿನವರು 2013ರಲ್ಲಿ ಇದು ಸರಕು ವಾಹನವೇ ಎಂದರು. 2017ರಲ್ಲಿ ವ್ಯಾಪಾರ ನ್ಯಾಯಾಲಯ ಜನ್ಮವಾದವನ್ನು ಎತ್ತಿ ಹಿಡಿದು, ಹಡಗಿನಿಂದ ಇಳಿದಾಗ ಹೇಗಿತ್ತೋ ಅದೇ ಲೆಕ್ಕ ಎಂದಿತು. 2019ರಲ್ಲಿ ಮೇಲಿನ ನ್ಯಾಯಾಲಯ ಕಾಯಕವಾದಿಗಳ ಕಡೆ ವಾಲಿತು. ಆ ಸೀಟುಗಳಿಗೆ ತಲೆಯಾನಿಸುವ ದಿಂಬಿರಲಿಲ್ಲ, ಹೊದಿಸಿದ್ದು ಅಗ್ಗದ ಬಟ್ಟೆ, ಇವು ಯಾರೂ ಕೂರಲೆಂದು ಮಾಡಿದ ಸೀಟೇ ಅಲ್ಲ ಎಂಬುದನ್ನೆಲ್ಲ ಗಮನಕ್ಕೆ ತೆಗೆದುಕೊಂಡಿತು. 2024ರಲ್ಲಿ ಫೋರ್ಡ್ 36.5 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಕಂಪನಿ ಎಡವಿದ್ದೆಲ್ಲಿ ಎಂದು ನಮ್ಮ ಯಾವ ಗುಜರಿ ಅಂಗಡಿಯವನಾದರೂ ಹೇಳಬಲ್ಲ. ಬಿಚ್ಚಿದ ಸೀಟನ್ನು ಅದು ಯಂತ್ರಕ್ಕೆ ಹಾಕಿ ಚೂರು ಮಾಡಿಸುತ್ತಿತ್ತು. ಸೀಟನ್ನು ಚೂರು ಮಾಡಿದವನಿಗೆ ಹಿಂದಿರುಗುವ ಮನಸ್ಸಿಲ್ಲ. ಅದು ಪೂರ್ಣ ಸಂನ್ಯಾಸ. ಅದಕ್ಕೆ ಸುಂಕವೂ ಪೂರ್ಣ.

(ವಿಲೋಮ ಪರಿವರ್ತನೆಯನ್ನು ಒಂದು ಮಾತಿನಲ್ಲಿ ಮುಗಿಸುತ್ತೇನೆ. ಟಾಟಾದವರು 2005ರಲ್ಲಿ ಸರಕಿಗೆಂದು ಏಸ್ ತಂದು, 2007ರಲ್ಲಿ ಅದರದೇ ಬುಡದ ಮೇಲೆ ಸೀಟಿಟ್ಟು ಮ್ಯಾಜಿಕ್ ಎಂದು ಹೆಸರಿಟ್ಟರು. ನಮ್ಮ ಊರುಗಳಲ್ಲಿ ದಿಬ್ಬಣಕ್ಕೆ ಏಸನ್ನೂ ಈರುಳ್ಳಿಗೆ ಮ್ಯಾಜಿಕ್ಕನ್ನೂ ಕರೆಯುವುದರಿಂದ ಈ ವರ್ಗೀಕರಣ ನಿಲ್ಲುವಂಥದ್ದಲ್ಲ.)

ಮೂಲ ಪ್ರಶ್ನೆಗೆ ಉತ್ತರ ಈಗ ತಾನಾಗಿ ದೊರೆಯುತ್ತದೆ. ನಮ್ಮಲ್ಲಿ ಓಮ್ನಿಯ ಸೀಟನ್ನು ಯಾರೂ ಎಸೆಯುವುದಿಲ್ಲ. ಅದು ಹೋಗಿ ಜಗಲಿಯಲ್ಲಿ ಕೂರುತ್ತದೆ. ಗೋಡೆಗೊರಗಿಸಿ, ಕೆಳಗೆ ಎರಡು ಇಟ್ಟಿಗೆ ಕೊಟ್ಟರೆ ಸೋಫಾ; ರೆಕ್ಸಿನ್ನು ಹರಿದಲ್ಲಿ ಮೊಮ್ಮಕ್ಕಳು ಬೆರಳು ಹಾಕಿ ಸ್ಪಂಜು ಕೀಳುತ್ತವೆ, ಅಜ್ಜ ಗದರುತ್ತ ಎಲೆಯಡಿಕೆ ಮೆಲ್ಲುತ್ತಾರೆ. ಪೇಟೆಯ ಕಡೆಯಾದರೆ ಸಲೂನು, ಪಂಕ್ಚರ್ ಅಂಗಡಿ. ಮದುವೆ, ಹರಕೆ, ಊರ ಜಾತ್ರೆ ಬಂದಾಗ ಅಜ್ಜನನ್ನು ಎಬ್ಬಿಸಿ ಸೀಟನ್ನು ವ್ಯಾನಿಗೆ ಹಾಕುತ್ತಾರೆ, ಅಜ್ಜನನ್ನು ಮತ್ತೆ ಅದೇ ಸೀಟಿನ ಮೇಲೆ ಕೂರಿಸಿ ಕರೆದೊಯ್ಯುತ್ತಾರೆ. ಇದು ಸಂನ್ಯಾಸವಲ್ಲ, ರಜೆ. ಆದ್ದರಿಂದ ನಮ್ಮವರು ವ್ಯಾನನ್ನು ಪರಿವರ್ತಿಸಿಯೇ ಇಲ್ಲ, ಸೀಟನ್ನು ಎರವಲು ಕೊಟ್ಟಿದ್ದಾರಷ್ಟೇ ಎಂಬುದು ಸಿದ್ಧಾಂತ. ಈ ಸಿದ್ಧಾಂತವನ್ನು ಯಾವ ನ್ಯಾಯಾಲಯದಲ್ಲೂ ಮಂಡಿಸಬೇಡಿ.

ಉಳಿದದ್ದು ಅಪವಾದ ಪ್ರಕರಣ. ಹದಿನೈದು ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿ ನವೀಕರಿಸುವಾಗ ಅದನ್ನು ತಪಾಸಣೆಗೆ ಒಯ್ಯಬೇಕು. ಆ ದಿನ ಸೀಟು ಸೀಟಿನ ಜಾಗದಲ್ಲಿರಬೇಕು. ಸ್ವಂತ ಸೀಟನ್ನು ಇಲಿ ತಿಂದವರು ಪಕ್ಕದ ಮನೆಯದನ್ನು ಕೇಳಿ ತರುತ್ತಾರೆ. ಊರಿನಲ್ಲಿ ನೆಟ್ಟಗಿರುವ ಸೀಟು ಒಂದೇ ಉಳಿದರೆ ಅದಕ್ಕೆ ಪಾಳಿ. ಹೀಗೆ ಪಾಳಿಯಲ್ಲಿ ಹೊರಟ, ತೋಳಿನ ಕಡೆ ಹಸಿರು ರೆಕ್ಸಿನ್ನಿನ ತೇಪೆಯಿದ್ದ ಒಂದು ಸೀಟನ್ನು ಇನ್‌ಸ್ಪೆಕ್ಟರು ಬಗ್ಗಿ ನೋಡಿ, ತೇಪೆಯ ಮೇಲೆ ಬೆರಳಾಡಿಸಿ, ‘ಇದನ್ನ ಹೋದ ವಾರ ಬೇರೆ ಗಾಡೀಲಿ ನೋಡ್ದಂಗಿದೆಯಲ್ರೀ’ ಎಂದರಂತೆ.

‘ಇರ್ಬೋದು ಸಾರ್,’ ಎಂದನಂತೆ ಮಾಲೀಕ, ‘ಬಿಡುವಿದ್ದಾಗ ಅಲ್ಲೂ ಹೋಗಿ ಕೂತ್ಕೊಳ್ಳತ್ತೆ.’