ಟೊಳ್ಳು ಗೋಡೆಯ ಫ್ರಾನ್ಸ್

ನನ್ನ ಷಡ್ಡಕರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಯಾವ ಕಟ್ಟಡಕ್ಕೆ ಹೋದರೂ ಒಳಗೆ ಕಾಲಿಡುವ ಮೊದಲು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡುವುದು ಅವರ ಅಭ್ಯಾಸ. ಮದುವೆಯ ಛತ್ರವಾಗಲಿ, ದೇವಸ್ಥಾನವಾಗಲಿ, ನೆಂಟರ ಹೊಸ ಮನೆಯಾಗಲಿ, ಮೊದಲು ಟಕ್ ಟಕ್, ಆಮೇಲೆ ನಮಸ್ಕಾರ. ತಟ್ಟಿದ ಮೇಲೆ ಸುಮ್ಮನಿದ್ದರೂ ಆಗುತ್ತಿತ್ತು. ಅವರು ಅಭಿಪ್ರಾಯವನ್ನೂ ಹೇಳುತ್ತಾರೆ. ಹಾಗಾಗಿ ಈಚೆಗೆ ಅವರನ್ನು ಗೃಹಪ್ರವೇಶಕ್ಕೆ ಕರೆಯುವವರು ಕಡಿಮೆ.

ಇಂಥವರನ್ನು ವಿಯೆಟ್ನಾಮಿನ ಬಾ ನಾ ಹಿಲ್ಸ್‌ಗೆ ಕರೆದುಕೊಂಡು ಹೋಗಬಾರದು. ಆದರೆ ಅಕ್ಕತಂಗಿಯರಿಬ್ಬರೂ ಸೇರಿ ಟೂರಿನವರಿಗೆ ದುಡ್ಡು ಕಟ್ಟಿ ಆಗಿತ್ತು. ಗಂಡಂದಿರಿಗೆ ಸುದ್ದಿ ತಿಳಿದದ್ದು ಪಾಸ್‌ಪೋರ್ಟ್ ಎಲ್ಲಿದೆ ಎಂದು ಕೇಳಿದಾಗ.

ಡಾ ನಾಂಗ್ ಸಮುದ್ರ ತೀರದ ನಗರ. ಅದರ ಪಶ್ಚಿಮಕ್ಕೆ, ಊರು ಮುಗಿದು ಗದ್ದೆಗಳೂ ಮುಗಿದಲ್ಲಿ ಬಾ ನಾ ಬೆಟ್ಟ ಇದೆ. ಎತ್ತರ ಸುಮಾರು 1,480 ಮೀಟರ್. ನಮ್ಮ ನಂದಿಬೆಟ್ಟವೂ ಹೆಚ್ಚೂಕಡಿಮೆ ಅಷ್ಟೇ. ಬೇಸಿಗೆಯ ಸೆಕೆ ತಾಳಲಾರದೆ ಕಬ್ಬನ್ ಸಾಹೇಬರು ನಂದಿಯ ಮೇಲೆ ಬಂಗಲೆ ಕಟ್ಟಿಸಿಕೊಂಡರಲ್ಲ, ಅದೇ ಸೆಕೆಗೆ ಹೆದರಿ ಫ್ರೆಂಚರು 1919ರಲ್ಲಿ ಇಲ್ಲಿ ಗಿರಿಧಾಮ ಮಾಡಿಕೊಂಡರು. ಬಂಗಲೆಗಳೆದ್ದವು, ವೈನ್ ನೆಲಮಾಳಿಗೆ ಕೊರೆಸಲಾಯಿತು. ದೊರೆಗಳನ್ನು ಸ್ಥಳೀಯ ಕೂಲಿಗಳು ಮೇನೆಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತುತ್ತಿದ್ದರು. 1954ರಲ್ಲಿ ದಿಯೆನ್ ಬಿಯೆನ್ ಫೂ ಯುದ್ಧದಲ್ಲಿ ಸೋತು ಫ್ರೆಂಚರು ಗಂಟುಮೂಟೆ ಕಟ್ಟಿದರು. ಬಂಗಲೆಗಳನ್ನು ಕಾಡು ನುಂಗಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಫ್ರೆಂಚರನ್ನು ಕಾದಾಡಿ ಓಡಿಸಿದ ಜನರೇ ಅವರು ಬಿಟ್ಟುಹೋದ ಬೆಟ್ಟದ ಮೇಲೆ ತಮ್ಮ ಸ್ವಂತ ದುಡ್ಡಿನಲ್ಲಿ ಇನ್ನೊಂದು ಫ್ರಾನ್ಸ್ ಕಟ್ಟಿದರು. ಇಗರ್ಜಿ, ಚೌಕ, ಕೋಟೆ, ಗಡಿಯಾರದ ಗೋಪುರ ಎಲ್ಲ ಎಬ್ಬಿಸಿ, ಬಾಗಿಲಲ್ಲಿ ಕುಳಿತು ಟಿಕೆಟ್ ಹರಿಯತೊಡಗಿದರು. ಆಳಿಸಿಕೊಂಡವರು ಆಳಿದವರ ಮೇಲೆ ತೀರಿಸಿಕೊಂಡ ಸೇಡುಗಳಲ್ಲಿ ಇಷ್ಟು ಲಾಭದಾಯಕವಾದದ್ದು ಇನ್ನೊಂದಿರಲಾರದು. ನಾವು ಹೋದಾಗ ಟಿಕೆಟ್ ತಲೆಗೆ ಒಂಬತ್ತು ಲಕ್ಷ ಡಾಂಗ್‌ನ ಆಸುಪಾಸಿನಲ್ಲಿತ್ತು. ಲಕ್ಷ ಎಂದ ಕೂಡಲೇ ಷಡ್ಡಕರ ಮುಖ ಬಿಳಿಚಿಕೊಂಡಿತು. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ ಚಿಲ್ಲರೆ ಎಂದು ವಿವರಿಸಿದ ಮೇಲೆ, "ಹಾಗಾದರೆ ನಾನು ಇಲ್ಲಿ ಕೋಟ್ಯಧೀಶ" ಎಂದು ಚೇತರಿಸಿಕೊಂಡರು.

ಈಗ ಮೇನೆ ಇಲ್ಲ, ಕೇಬಲ್ ಕಾರ್ ಇದೆ. 2013ರಲ್ಲಿ ಶುರುವಾದ ಒಂದು ಮಾರ್ಗದ ಉದ್ದ 5,801 ಮೀಟರ್, ಬುಡಕ್ಕೂ ತುದಿಗೂ ಎತ್ತರದ ಅಂತರ 1,368 ಮೀಟರ್; ಆ ಕಾಲಕ್ಕೆ ಗಿನ್ನೆಸ್ ದಾಖಲೆ. ಅಡಿಯಲ್ಲಿ ಕಾಡು, ಜಲಪಾತ, ಆಮೇಲೆ ಬರೀ ಮೋಡ. ಹೆಂಗಸರು ಕಣ್ಣು ಮುಚ್ಚಿ ವಿಷ್ಣುಸಹಸ್ರನಾಮಕ್ಕೆ ಕೈಹಾಕಿದರು. ಷಡ್ಡಕರು ಮಾತ್ರ ತಲೆಯೆತ್ತಿ ಹಗ್ಗವನ್ನೇ ನೋಡುತ್ತ, "ಎಲ್ಲೂ ಜಾಯಿಂಟ್ ಕಾಣಿಸುತ್ತಿಲ್ಲವಲ್ಲ! ಯಾರಪ್ಪಾ ಇವರ ಕಂಟ್ರಾಕ್ಟರು?" ಎಂದು ಗದ್ಗದರಾದರು. ನಂದಿಬೆಟ್ಟಕ್ಕೆ ರೋಪ್‌ವೇ ಬರುತ್ತದೆ, ಬರುತ್ತದೆ ಎಂದು ಕೇಳುತ್ತಲೇ ಕೂದಲು ನೆರೆಸಿಕೊಂಡವರು ನಾವಿಬ್ಬರೂ. ಅವರ ಸಂಕಟ ನನಗೆ ಅರ್ಥವಾಯಿತು.

ಮೇಲೆ ಎಲ್ಲರೂ ಮೊದಲು ಓಡುವುದು ಚಿನ್ನದ ಸೇತುವೆಗೆ. 2018ರ ಜೂನ್‌ನಲ್ಲಿ ತೆರೆದದ್ದು, ಸುಮಾರು 150 ಮೀಟರ್ ಉದ್ದ. ಬೆಟ್ಟದೊಳಗಿಂದ ಚಾಚಿದ ಎರಡು ದೈತ್ಯ ಕೈಗಳು ಅದನ್ನು ಎತ್ತಿ ಹಿಡಿದಿವೆ. ಕೈಗಳ ತುಂಬ ಬಿರುಕು, ಪಾಚಿ. ಸಾವಿರ ವರ್ಷದಿಂದ ಮಳೆಯಲ್ಲಿ ನೆಂದಂತಿವೆ. ಅಸಲಿಗೆ ಅವು ತಂತಿಬಲೆಯ ಮೇಲೆ ಫೈಬರ್‌ಗ್ಲಾಸ್ ಹೊದಿಸಿ, ಹಳತಾಗಿ ಕಾಣಲೆಂದು ಬಣ್ಣ ಬಳಿದವು. ಹೊಸದನ್ನು ಹಳೆಯದಾಗಿಸಲು ಇಷ್ಟು ಖರ್ಚೇ! ಬೆಂಗಳೂರಿನ ನಮ್ಮ ಮನೆಯ ಕಾಂಪೌಂಡ್ ಎರಡೇ ಮಳೆಗಾಲದಲ್ಲಿ ಬಿಟ್ಟಿಯಾಗಿ ಈ ಅವಸ್ಥೆಗೆ ಬಂದಿದೆ. ನಾನು ಹೀಗೆ ನಿಟ್ಟುಸಿರು ಬಿಡುವಾಗ ಷಡ್ಡಕರು ಸೇತುವೆಯ ಕಂಬಿಯಾಚೆ ಬಾಗಿ ಛತ್ರಿ ಚಾಚುತ್ತಿದ್ದರು. ಅದರ ತುದಿ ದೈತ್ಯನ ಹೆಬ್ಬೆರಳನ್ನು ಮುಟ್ಟುವುದರೊಳಗೆ ಕಾವಲುಗಾರ ಸೀಟಿ ಊದಿದ. ಎಲ್ಲರ ಫೋನುಗಳೂ ಸೇತುವೆ ಬಿಟ್ಟು ನಮ್ಮ ಕಡೆ ತಿರುಗಿದವು.

ಫ್ರೆಂಚ್ ಹಳ್ಳಿಯಲ್ಲಿ ಅವರನ್ನು ತಡೆಯುವವರೇ ಇರಲಿಲ್ಲ. ಇಗರ್ಜಿಯ ಮುಂದೆ ಅಲಂಕಾರಕ್ಕೆ ನಿಲ್ಲಿಸಿದ ಕಂಬವೊಂದನ್ನು ತಟ್ಟಿ ಕಿವಿಯಾನಿಸಿ, "ಟೊಳ್ಳು" ಎಂದರು. ಮುಂದಿನದಕ್ಕೂ ಟೊಳ್ಳು. ಕಿಟಕಿಯ ಕೆಳಗಿನ ಸಿಂಹಕ್ಕೂ ಟೊಳ್ಳು. ಚೌಕದಲ್ಲಿ ಬಿಳಿಯ ನರ್ತಕಿಯರು ಗರಿಯ ಕಿರೀಟ ತೊಟ್ಟು ಕುಣಿಯುತ್ತಿದ್ದರು. ಅವರಾದರೂ ಅಸಲಿ ಎಂದು ನಾನು ಬೊಟ್ಟು ಮಾಡಿದೆ. ಸದ್ಯ, ಅಲ್ಲಿಗೆ ಹೋಗಿ ತಟ್ಟಲಿಲ್ಲ.

ಅಕ್ಕತಂಗಿಯರಿಗೆ ಟೊಳ್ಳು ಗಟ್ಟಿ ಯಾವುದೂ ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಫೋಟೊ. "ರೀ, ಆ ಬೋರ್ಡು ಬರದ ಹಾಗೆ ತೆಗೀರಿ." ಬೋರ್ಡು ವಿಯೆಟ್ನಾಮಿ ಭಾಷೆಯದು. "ಆ ಗುಜರಾತಿಯವರು ದಾಟಿ ಹೋಗಲಿ, ತಾಳಿ." ಅವರು ದಾಟುವಷ್ಟರಲ್ಲಿ ನೆಲಮಂಗಲದ ಕಡೆಯ ದೊಡ್ಡ ಸಂಸಾರವೊಂದು ಚೌಕಟ್ಟಿನೊಳಗೆ ಬಂದು, "ನೀವು ಕನ್ನಡದವರಾ?" ಎಂದು ಮಾತಿಗೆ ನಿಂತಿತು. ಶಂಕುವಿನಾಕಾರದ ಟೋಪಿಯ ಹೆಂಗಸು ಹೊರಗೆ, ಕಸದ ಬುಟ್ಟಿ ಹೊರಗೆ, ಆಚೆ ಶಿಖರದ ಪಗೋಡದಲ್ಲಿ ಕುಳಿತ ಇಪ್ಪತ್ತೇಳು ಮೀಟರ್ ಎತ್ತರದ ಬುದ್ಧನಂತೂ ಬರಲೇಕೂಡದು. ಒಂದು ಫ್ರಾನ್ಸ್ ಸಿಗಬೇಕಾದರೆ ಎಷ್ಟು ವಿಯೆಟ್ನಾಂ ಕತ್ತರಿಸಬೇಕಾಗುತ್ತದೆ ಎಂಬುದು ನನ್ನ ಸೊಂಟಕ್ಕೆ ಗೊತ್ತಾಯಿತು. ಅರ್ಧ ಫೋಟೊಗಳನ್ನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತೆಗೆದದ್ದು.

ಅಷ್ಟರಲ್ಲಿ ಮಂಜು ಇಳಿಯಿತು. ಈ ಬೆಟ್ಟದಲ್ಲಿ ಒಂದೇ ದಿನ ನಾಲ್ಕು ಋತು ಕಾಣಬಹುದೆಂದು ಅಲ್ಲಿಯವರು ಹೊಗಳಿಕೊಳ್ಳುತ್ತಾರೆ. ಕ್ಷಣದಲ್ಲಿ ಇಗರ್ಜಿ ಇಲ್ಲ, ಕೋಟೆ ಇಲ್ಲ, ನಾವು ನಾಲ್ವರು ಮತ್ತು ಎಲ್ಲಿಂದಲೋ ಬರುವ ಅಕಾರ್ಡಿಯನ್ ಸದ್ದು. "ನೋಡಿ, ಈಗ ನಂದಿಬೆಟ್ಟವೇ! ಪೆಟ್ರೋಲ್ ಖರ್ಚಲ್ಲಿ ಆಗುತ್ತಿತ್ತು" ಎಂದು ಮಂಜಿನೊಳಗಿಂದ ಷಡ್ಡಕರ ದನಿ ಕೇಳಿಸಿತು. "ನೀವು ಸುಮ್ಮನಿರಿ" ಎಂದು ಇನ್ನೊಂದು ದಿಕ್ಕಿನಿಂದ ಅವರ ಹೆಂಡತಿಯ ದನಿ.

ಊಟ ಬಫೆ. ಆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ರಾನ್ಸಿನಲ್ಲೂ ಪನೀರ್ ನಮ್ಮನ್ನು ಬಿಡಲಿಲ್ಲ.

ಊಟವಾದ ಮೇಲೆ ಷಡ್ಡಕರು ಕಾಣೆಯಾದರು. ಸಿಕ್ಕಿದ್ದು ಡೆಬೇ ವೈನ್ ನೆಲಮಾಳಿಗೆಯಲ್ಲಿ. ಇದು 1923ರಲ್ಲಿ ಫ್ರೆಂಚರೇ ಬೆಟ್ಟ ಕೊರೆದು ಮಾಡಿದ್ದು. ಇಡೀ ಫ್ರಾನ್ಸಿನಲ್ಲಿ ನಿಜವಾಗಿ ಫ್ರಾನ್ಸಿನವರದೆಂದರೆ ಇದೇ. ಕತ್ತಲೆ, ತಂಪು, ಜನ ಕಡಿಮೆ, ಫೋಟೊ ಚೆನ್ನಾಗಿ ಬರುವುದಿಲ್ಲ. ಷಡ್ಡಕರು ಗೋಡೆ ತಟ್ಟಿ ಕಿವಿಯಾನಿಸಿ, ಮತ್ತೆ ತಟ್ಟಿ, "ಗಟ್ಟಿ! ಇದು ಕೆಲಸ ಅಂದರೆ" ಎಂದು ಗೋಡೆಯನ್ನು ಮೊಮ್ಮಗನ ಬೆನ್ನು ಸವರಿದಂತೆ ಸವರುತ್ತಿದ್ದರು. ಇಷ್ಟೊಂದು ಶ್ರದ್ಧೆಯ ರಸಿಕ ಅಪರೂಪಕ್ಕೆ ಬಂದನೆಂದುಕೊಂಡಳೋ ಏನೋ, ಅಲ್ಲಿದ್ದ ಹುಡುಗಿ ನಗುತ್ತ ಅವರ ಕೈಗೆ ಕೆಂಪು ವೈನಿನ ಲೋಟ ಕೊಟ್ಟಳು. ಕಾಫಿ ಬಿಟ್ಟು ಬೇರೇನೂ ಕುಡಿಯದ, ಏಕಾದಶಿ ತಪ್ಪಿಸದ ಷಡ್ಡಕರು, ಮಗುವಿನ ಮನಸ್ಸು ನೋಯಿಸಬಾರದೆಂದು ಲೋಟವನ್ನು ತೀರ್ಥದ ಉದ್ಧರಣೆ ಹಿಡಿಯುವ ಭಕ್ತಿಯಲ್ಲಿ ಹಿಡಿದು ನಿಂತರು. ನನ್ನ ಹೆಂಡತಿ ಬಾಗಿಲಿಗೆ ಬಂದದ್ದು ಆಗ. ಅಲ್ಲಿ ಫೋಟೊ ಚೆನ್ನಾಗಿ ಬರುವುದಿಲ್ಲ ಎಂದೆನಲ್ಲ, ಇದೊಂದು ಬಂತು.

ಮರುದಿನ ಮೀ ಸನ್‌ಗೆ ಹೋಗುವವರು ಕೈಯೆತ್ತಿ ಎಂದ ಟೂರ್ ಮ್ಯಾನೇಜರ್. ಚಂಪಾ ಅರಸರು ನಾಲ್ಕನೆಯ ಶತಮಾನದಿಂದ ಅಲ್ಲಿ ಶಿವನಿಗೆ ಗುಡಿ ಕಟ್ಟಿಸಿದ್ದರು, ಸಂಸ್ಕೃತ ಶಾಸನಗಳಿವೆ, 1999ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ ಎಂದೆಲ್ಲ ಹೇಳಿದರೂ ಬಸ್ಸು ಅರ್ಧ ತುಂಬಲಿಲ್ಲ; ಉಳಿದವರು ಶಾಪಿಂಗಿಗೆ ಹೋದರು. ಅಲ್ಲಿನ ಇಟ್ಟಿಗೆಗಳ ನಡುವೆ ಗಾರೆಯೇ ಕಾಣುವುದಿಲ್ಲ, ಹೇಗೆ ಕೂರಿಸಿದರೆಂಬುದಕ್ಕೆ ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ಷಡ್ಡಕರ ಗೆಣ್ಣು ತುರಿಸಿರಬೇಕು. ಆದರೆ ಮುಟ್ಟಬಾರದೆಂಬ ಫಲಕ. ಇಡೀ ದಿನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡಿದರು.

ಊರಿಗೆ ಬರುವುದರೊಳಗೆ ಫೋಟೊಗಳು ಮನೆತನದ ವಾಟ್ಸ್ಆ್ಯಪ್ ಗುಂಪಿನಲ್ಲಿದ್ದವು, ಊರಿನ ಹೆಸರಿಲ್ಲದೆ. ಯಾರೋ "ಪ್ಯಾರಿಸ್ಸಾ?" ಎಂದು ಕೇಳಿದ್ದರು. ಅದಕ್ಕೆ ಅತ್ತಿಗೆ ಹೂವಿನ ಚಿತ್ರವೊಂದನ್ನು ಕಳಿಸಿದ್ದರು. ಸುಳ್ಳು ಹೇಳಲಿಲ್ಲ ಎಂಬುದು ಅವರ ವಾದ. ವೈನ್ ಲೋಟದ ಷಡ್ಡಕರನ್ನು ಕಂಡು ಮೇಲುಕೋಟೆಯ ದೊಡ್ಡಪ್ಪ ಗುಂಪನ್ನೇ ಬಿಟ್ಟುಹೋಗಿದ್ದರು.

ಕಳೆದ ವಾರ ಸೋದರಮಾವನ ಮಗ ಫೋನ್ ಮಾಡಿದ. ಕಂಪನಿಯವರು ಅವನನ್ನು ನಿಜವಾದ ಫ್ರಾನ್ಸಿಗೆ ಕಳಿಸುತ್ತಿದ್ದಾರಂತೆ. ವೀಸಾಕ್ಕೆ ಏನೇನು ಕೇಳುತ್ತಾರೆ ಅಕ್ಕಾ, ಅಲ್ಲಿ ಚಳಿ ಹೇಗೆ, ಬಟ್ಟೆ ಎಂಥದ್ದು ಒಯ್ಯಲಿ ಎಂದು ನನ್ನ ಹೆಂಡತಿಯನ್ನು ವಿಚಾರಿಸಿದ. ಈಗಲಾದರೂ ನಿಜ ಹೇಳುತ್ತಾಳೆಂದು ನಾನು ಪೇಪರ್ ಮಡಚಿಟ್ಟು ಕಾದೆ.

"ಒಂದು ಸ್ವೆಟರ್ ಸಾಕು ಕಣೋ. ಮಧ್ಯಾಹ್ನ ಮಂಜು ಬರುತ್ತೆ. ಸಾಯಂಕಾಲ ಕೆಳಗಿಳಿದರೆ ಮತ್ತೆ ಸೆಕೆ," ಎಂದಳು.

ಆ ಕಡೆ ಅವನು ಬರೆದುಕೊಳ್ಳುತ್ತಿದ್ದ.