ಲುಂಗಿ ಉಟ್ಟ ಅಡ್ಮಿರಲ್

ನಮ್ಮ ಅಡ್ಮಿರಲ್ ಸಾಹೇಬರಿಗೆ ಈಜು ಬಾರದು. ದೋಣಿ ಹತ್ತಿದರೆ ತಲೆ ಸುತ್ತುತ್ತದೆ. ಆದರೂ ರಾತ್ರಿ ಊಟ ಮುಗಿಸಿ, ಲುಂಗಿ ಬಿಗಿದುಕೊಂಡು ಕಂಪ್ಯೂಟರ್ ಮುಂದೆ ಕೂತರೆಂದರೆ ಜಪಾನಿನ ಇಡೀ ನೌಕಾಬಲ ಅವರ ಅಪ್ಪಣೆಗೆ ಕಾದು ನಿಲ್ಲುತ್ತದೆ.

ಆಟದ ಹೆಸರು 'ವಾರ್ ಇನ್ ದಿ ಪೆಸಿಫಿಕ್: ಅಡ್ಮಿರಲ್ಸ್ ಎಡಿಷನ್'. 2009ರಲ್ಲಿ ಬಂದದ್ದು. ಪರ್ಲ್ ಹಾರ್ಬರ್ ದಾಳಿ ನಡೆದ 1941ರ ಡಿಸೆಂಬರ್ 7ರಿಂದ ಶುರು. ಯುದ್ಧದ ಒಂದೊಂದು ದಿನಕ್ಕೂ ಒಂದೊಂದು ಸರದಿ. ಎದುರಾಳಿ ಇರುವುದು ಆಸ್ಟ್ರೇಲಿಯಾದಲ್ಲಿ. ಇವರು ಹಡಗು ನಡೆಸಿ ಇಮೇಲ್ ಮಾಡಬೇಕು, ಆತ ತನ್ನ ಹಡಗು ನಡೆಸಿ ಮರಳಿಸಬೇಕು. ಆತನ ಮನೆಗೆ ನೆಂಟರು ಬಂದರೆ ಇಡೀ ಪೆಸಿಫಿಕ್‌ನಲ್ಲಿ ವಾರಗಟ್ಟಲೆ ಕದನವಿರಾಮ. ಅಸಲಿ ಯುದ್ಧ ಮೂರು ವರ್ಷ ಒಂಬತ್ತು ತಿಂಗಳಲ್ಲಿ ಮುಗಿದಿತ್ತು. ಇವರದು ನಾಲ್ಕು ದಸರಾ ಕಳೆದರೂ 1942 ದಾಟಿಲ್ಲ.

ಅಸಲಿ ಯುದ್ಧದಲ್ಲಿ ಜಪಾನಿನ ವಿಮಾನವಾಹಕ ಹಡಗುಗಳನ್ನು ನಡೆಸಿದ ಅಡ್ಮಿರಲ್ ನಗುಮೊ ಹೆಸರೆತ್ತಿದರೆ ಸಾಹೇಬರಿಗೆ ಮೈಯೆಲ್ಲ ಉರಿ. "1942ರ ಜೂನ್ 4, ಮಿಡ್‌ವೇ! ವಿಮಾನಗಳಿಗೆ ಟಾರ್ಪೆಡೊ ಕಟ್ಟಿಸಿದ್ದ. ಬಿಚ್ಚಿ ಬಾಂಬ್ ಕಟ್ಟಿ ಅಂದ. ಅಮೆರಿಕದ ಹಡಗು ಕಂಡವು ಅಂತ ಸುದ್ದಿ ಬಂದಮೇಲೆ ಮತ್ತೆ ಟಾರ್ಪೆಡೊ ಅಂದ. ಅಷ್ಟರಲ್ಲಿ ಅಕಾಗಿ, ಕಾಗಾ, ಸೋರ್ಯು ಮೂರೂ ಹಡಗು ಧಗಧಗ! ದಂಡನಾಯಕ ಅನ್ನಿಸಿಕೊಂಡವನಿಗೆ ಒಂದು ತೀರ್ಮಾನ ಬೇಡವೇನ್ರೀ?"

ಹೀಗೆ ಕೇಳುವವರು, ಮಸಾಲೆ ದೋಸೆಯೋ ಸೆಟ್ ದೋಸೆಯೋ ಎಂದು ತಿಳಿಯದೆ ಮಾಣಿಯನ್ನು ಮೂರು ಸಲ ವಾಪಸು ಕರೆದವರು.

ಸಾಹೇಬರು ಆಟಕ್ಕೆ ಇಳಿದದ್ದು ಜಪಾನಿನ ಯುದ್ಧನೌಕೆ ಯಮಾಟೊದ 46 ಸೆಂಟಿಮೀಟರ್ ಫಿರಂಗಿ ಹಾರಿಸುವ ಆಸೆಯಿಂದ. ಆಟ ಅವರನ್ನು ಉಗ್ರಾಣದ ಗುಮಾಸ್ತರನ್ನಾಗಿ ಮಾಡಿಬಿಟ್ಟಿದೆ. ಪಾಲೆಂಬಾಂಗ್‌ನ ಎಣ್ಣೆ ಜಪಾನಿಗೆ ಬಾರದಿದ್ದರೆ ಯಮಾಟೊ ಬಂದರು ಬಿಟ್ಟು ಕದಲದು. ಹಾಗಾಗಿ ಯಾವ ಟ್ಯಾಂಕರ್ ಎಲ್ಲಿಗೆ, ಅದರ ಕಾವಲಿಗೆ ಯಾವ ಹಡಗು ಎಂದು ನಡುರಾತ್ರಿಯವರೆಗೆ ಲೆಕ್ಕ. ಅಸಲಿ ಜಪಾನ್ ಏದುಸಿರು ಬಿಟ್ಟದ್ದೂ ಇಲ್ಲಿಯೇ: ಅಮೆರಿಕದ ಸಬ್‌ಮೆರೀನುಗಳು ಸರಕು ಹಡಗುಗಳನ್ನು ಮುಳುಗಿಸುತ್ತ ಹೋಗಿ ಎಣ್ಣೆಯ ದಾರಿಯನ್ನೇ ಮುಚ್ಚಿದವು.

"ಯುದ್ಧ ಗೆಲ್ಲೋದು ಫಿರಂಗಿಯಲ್ಲ ಕಣ್ರೀ, ಸರಬರಾಜು!" ಎಂದು ಅವರು ನನಗೆ ಉಪದೇಶಿಸುತ್ತಿದ್ದಾಗ ಒಳಗಿನಿಂದ ದನಿ ಬಂತು: "ರೀ, ಸಿಲಿಂಡರ್ ಖಾಲಿಯಾಗಿ ಎರಡು ದಿನ ಆಯ್ತು. ಬುಕ್ ಮಾಡಿದ್ರಾ?"

"ಒಂದ್ನಿಮಿಷ ಇರೇ, ಬಾಲಿಕ್‌ಪಾಪನ್‌ನಲ್ಲಿ ಟ್ಯಾಂಕರ್ ನಿಂತುಬಿಟ್ಟಿದೆ!"

ಮಗಳು ಪುಸ್ತಕದಿಂದ ತಲೆಯೆತ್ತಿದಳು. "ಅಪ್ಪಾ, ಕೊನೆಗೆ ನಿಮ್ಮ ಜಪಾನ್ ಗೆಲ್ಲತ್ತಾ?"

"ಎಲ್ಲಿ ಗೆಲ್ಲತ್ತಮ್ಮಾ? 1943ಕ್ಕೆ ಅಮೆರಿಕದ ಎಸೆಕ್ಸ್ ವರ್ಗದ ವಿಮಾನವಾಹಕ ಹಡಗುಗಳು ಸಾಲುಗಟ್ಟಿ ಬರ್ತವೆ. ಸೋಲು ಗ್ಯಾರಂಟಿ."

"ಮತ್ಯಾಕೆ ನಿದ್ದೆಗೆಟ್ಟು ಆಡ್ತೀರಿ?"

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ನಗುಮೊಗಿಂತ ಚೆನ್ನಾಗಿ ಸೋಲಬೇಕಲ್ಲ!"